ನೀರಿನಡಿ ಬರೆದ ಮಾತು

"ಅಲ್ಲಾಡಬೇಡಿ!"

ಅವಳು ಪಿಸುಮಾತಿನಲ್ಲೇ ಚೀರಿದಳು. ಆದರೆ ತಡವಾಗಿತ್ತು...

ಮೂರು ಗಂಟೆಯಿಂದ ಅವಳು ಕೆಸರಿನ ಮೇಲೆ ಹಲಗೆ ಹಾಸಿಕೊಂಡು ಬೋರಲು ಮಲಗಿದ್ದಳು. ಸಮುದ್ರ ಇಳಿಯುವ ಹೊತ್ತು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳು ಬೆಳಗಿನ ಮಂಜಿನಲ್ಲಿ ಒಂದೊಂದಾಗಿ ಮೇಲೆದ್ದು ನಿಲ್ಲುತ್ತಿದ್ದವು. ಅವಳ ಕ್ಯಾಮರಾದ ಎದುರಿಗೆ ಬೆರಳುದ್ದದ ಒಂದು ಮೀನು. ನೀರು ಬಿಟ್ಟು ಕೆಸರಿನಲ್ಲಿ ನಡೆಯುವ ಮೀನು! ತನ್ನ ಜೊತೆಗಾತಿಯನ್ನು ಕರೆಯಲು ಅದು ಗಾಳಿಯಲ್ಲಿ ಜಿಗಿಯುತ್ತದೆ. ಆ ಒಂದು ಜಿಗಿತಕ್ಕಾಗಿಯೇ ಅವಳು ಕಾದಿದ್ದಳು.

ಮೀನು ಬಾಲ ಮಡಿಚಿತು. ಅವಳು ಉಸಿರು ಬಿಗಿಹಿಡಿದಳು. ಇನ್ನೇನು...

ಬುಳುಕ್!

ಪಕ್ಕದ ಕಾಲುವೆಯಿಂದ ಒಂದು ತಲೆ ಮೇಲೆದ್ದಿತು. ಕಣ್ಣಿಗೆ ಗಾಜಿನ ಮುಖವಾಡ, ಬಾಯಲ್ಲಿ ಉಸಿರಾಟದ ಕೊಳವೆ, ಎದೆಗೆ ಅವಚಿಕೊಂಡ ದೊಡ್ಡ ಕ್ಯಾಮರಾ. ಮೀನು ಬಿಲದೊಳಗೆ ಮಾಯ!

"ಕ್ಷಮಿಸಿ... ಇಲ್ಲಿ ಯಾರೂ ಇರಲ್ಲ ಅಂದ್ಕೊಂಡಿದ್ದೆ," ಎಂದ ಅವನು, ಕೊಳವೆ ತೆಗೆದು.

"ನಾನೂ ಹಾಗೇ ಅಂದ್ಕೊಂಡಿದ್ದೆ! ಮೂರು ಗಂಟೆ ರೀ... ಒಂದು ಸೊಳ್ಳೆನೂ ಓಡಿಸದೆ ಮಲಗಿದೀನಿ!"

ಅವನು ಅವಳ ಕೆಸರು ಮೆತ್ತಿದ ಮುಖವನ್ನು ದಿಟ್ಟಿಸಿದ. "ಅದೇನೋ ನಿಜ. ಹಣೆ ಮೇಲೇ ಏಳು ಕಡೆ ಕಚ್ಚಿದೆ."

"ನಗು ಬೇರೆ ಬರ್ತಿದ್ಯಾ ನಿಮಗೆ?"

"ಇಲ್ಲಪ್ಪ..." ಎಂದವನೇ ಮತ್ತೆ ನೀರಿನಲ್ಲಿ ಮುಳುಗಿದ. ಮುಳುಗಿದ ಜಾಗದಲ್ಲಿ ಗುಳ್ಳೆಗಳು ಎದ್ದವು. ಆ ಗುಳ್ಳೆಗಳೂ ನಗುತ್ತಿವೆ ಎಂದು ಅವಳಿಗೆ ಅನಿಸಿತು!

ಎರಡು ದಿನ ಬಿಟ್ಟು ಪ್ರಕಾಶನದ ಕಚೇರಿಗೆ ಹೋದರೆ, ಸಂಪಾದಕರ ಎದುರು ಕುರ್ಚಿಯಲ್ಲಿ ಅವನೇ ಕೂತಿದ್ದ!

"ಕಾಡಿನ ನೆತ್ತಿಯಿಂದ ಹವಳದ ದಿಬ್ಬದವರೆಗೆ ಒಂದೇ ಪುಸ್ತಕ," ಸಂಪಾದಕರು ಕನ್ನಡಕವನ್ನು ಹಣೆಗೇರಿಸಿದರು. "ನೆಲ ನಿನ್ನದಮ್ಮ, ನೀರು ಇವನದು. ಇಬ್ಬರೂ ಆರು ತಿಂಗಳು ಜೊತೆಯಾಗಿ ಓಡಾಡಬೇಕು. ಪರಿಚಯ ಮಾಡ್ಸಲಾ?"

"ಆಗಿದೆ," ಎಂದರು ಇಬ್ಬರೂ ಒಟ್ಟಿಗೆ.

ಕಚೇರಿಯವರೆಲ್ಲ ಅವನನ್ನು ಮುಳುಗಪ್ಪ ಎಂದೇ ಕರೆಯುತ್ತಿದ್ದರು. ಅವನಿಗೆ ಅದರಿಂದ ಕೋಪವೇ ಬರುತ್ತಿರಲಿಲ್ಲ. ಸಾಲದ್ದಕ್ಕೆ ಹಾಗೆ ಕರೆದರೆ ಬೇಗ ತಿರುಗಿ ನೋಡುತ್ತಿದ್ದ.

ಮೊದಲ ವಾರ ಕಾಡಿನಲ್ಲಿ ಅವನ ಪಾಡು ಹೇಳತೀರದು. ಒಣ ಎಲೆ ತುಳಿದು ಹಕ್ಕಿ ಹಾರಿಸುತ್ತಿದ್ದ. ಕಾಲಿಗೆ ಜಿಗಣೆ ಹತ್ತಿದರೆ ಕುಣಿಯುತ್ತಿದ್ದ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಆಮೇಲಾಮೇಲೆ ಅವನೂ ಕಲಿತ. ಅಂಗೈಯಗಲದ ಕಪ್ಪೆಯೊಂದು ಎಲೆಯ ಮೇಲೆ ಕಣ್ಣು ಮಿಟುಕಿಸುವುದನ್ನು ಕಾಯುತ್ತಾ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಕೂತುಬಿಡುತ್ತಿದ್ದರು. ಮರದ ತುದಿಯಿಂದ ಇಳಿದ ಬೆಳಕು ಅವನ ಮುಂಗೈ ಮೇಲೆ ಸರಿದು, ಅವಳ ಮುಂಗೈಗೆ ಬಂದು, ಮೆಲ್ಲಗೆ ದಾಟಿ ಹೋಗುತ್ತಿತ್ತು.

*ಇದು ಹೀಗೇ ಮುಗಿಯದೆ ಇರಬಾರದಾ...*

ಆ ಯೋಚನೆಗೆ ಅವಳೇ ಬೆಚ್ಚಿಬಿದ್ದಳು!

ಐದನೇ ತಿಂಗಳಲ್ಲಿ ಅವಳು ಅವನನ್ನು ಒಂದು ಮರದ ಬಳಿ ಕರೆದೊಯ್ದಳು. ತೊರೆ ದಾಟಿ, ಕಲ್ಲುಬಂಡೆ ಹತ್ತಿ, ಎರಡು ಗಂಟೆಯ ದಾರಿ. ಆ ಮರದ ಕೊಂಬೆಯ ತುಂಬ ಬಿಳಿ ಆರ್ಕಿಡ್ ಹೂಗಳು. ಬೇರು ತೊಗಟೆಗೆ ಅಂಟಿದ್ದು ಕಾಣದೆ, ಹೂಗಳೆಲ್ಲ ಬರೀ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತಿದ್ದವು. ವರ್ಷಕ್ಕೆ ನಾಲ್ಕೇ ದಿನ ಅರಳುವ ಹೂ.

"ಮೂರು ವರ್ಷ ಆಯ್ತು ಇದನ್ನ ಕಂಡು. ನನ್ನ ಅಕ್ಕನಿಗೂ ಜಾಗ ಹೇಳಿಲ್ಲ," ಎಂದಳು.

ಅವನು ಕ್ಯಾಮರಾ ಎತ್ತಲಿಲ್ಲ. ಬ್ಯಾಗನ್ನು ಕೆಳಗಿಟ್ಟು, ಕತ್ತೆತ್ತಿ ನೋಡಿ, ತುಂಬಾ ಹೊತ್ತು ಹಾಗೇ ನಿಂತ.

"ಫೋಟೋ ತಗೊಳ್ಳಲ್ವಾ?"

"ಬೇಡ. ಇದು ನಿಮ್ಮದು. ನನಗೆ ತೋರಿಸಿದ್ರಲ್ಲ... ಅಷ್ಟು ಸಾಕು."

ಅವಳ ಎದೆ ಝಲ್ಲೆಂದಿತು. ಕೈಗೆ ಸಿಕ್ಕ ಫೋನಿನಲ್ಲೇ ಹೂವಿನದೊಂದು ಚಿತ್ರ ತೆಗೆದಳು. ಮರುದಿನ ಪುಸ್ತಕದ ಮುಖಪುಟಕ್ಕೆ ಆದೀತೆಂದು ಅದನ್ನು ಕಚೇರಿಗೂ ಕಳಿಸಿದಳು. ಚಿತ್ರದಲ್ಲಿ ಹೂ ಬಿಟ್ಟರೆ ಏನೂ ಇರಲಿಲ್ಲ. ಕಚೇರಿಯವರು ಖುಷಿಯಿಂದ ಅದನ್ನು ತಮ್ಮ ಜಾಲತಾಣದಲ್ಲಿ ಹಾಕಿದರು.

ಮೂರು ವಾರದ ನಂತರ ಅವಳು ಮತ್ತೆ ಹೋದಾಗ...

ಕೊಂಬೆಯೇ ಇರಲಿಲ್ಲ! ಗರಗಸದ ಹೊಸ ಗಾಯದಿಂದ ಅಂಟು ಸೋರುತ್ತಿತ್ತು. ಕೆಳಗೆ ತುಳಿದ ಎರಡು ಎಲೆ, ತುಂಡಾದ ಹಗ್ಗ. ಅಪರೂಪದ ಗಿಡ ಮಾರುವವರ ಕೈವಾಡವೆಂದು ನೋಡಿದರೇ ಗೊತ್ತಾಗುತ್ತಿತ್ತು. ಅವಳು ಅಲ್ಲೇ ಕುಸಿದು ಕೂತು ಸಂಪಾದಕರಿಗೆ ಫೋನ್ ಮಾಡಿದಳು. ಹೂವಿನ ಕೊಂಬೆ ಕಡಿದಿದ್ದಾರೆ ಎಂದಷ್ಟೇ ಹೇಳಿ ಅತ್ತಳು.

ಮರುದಿನ ಸಂಜೆ ದೋಣಿಕಟ್ಟೆಯಲ್ಲಿ ಅವನು ಕ್ಯಾಮರಾವನ್ನು ಸಿಹಿನೀರಿನ ತೊಟ್ಟಿಯಲ್ಲಿ ಅದ್ದಿ ಉಪ್ಪು ಬಿಡಿಸುತ್ತಿದ್ದ. ಅವಳು ನೇರ ಅವನೆದುರು ಹೋಗಿ ನಿಂತಳು.

"ಆ ಜಾಗ ಗೊತ್ತಿದ್ದದ್ದು ಇಬ್ಬರಿಗೇ. ನಾನಂತೂ ಕಡಿಲಿಲ್ಲ."

ಅವನ ಕೈ ನೀರಿನಲ್ಲೇ ನಿಂತಿತು. "ನಾನು ಯಾರಿಗೂ ಹೇಳಿಲ್ಲ."

"ಹಾಗಾದ್ರೆ ಮರವೇ ನಡ್ಕೊಂಡು ಹೋಗಿ ಹೇಳಿ ಬಂತಾ?"

ಅವನು ಬಾಯಿ ತೆರೆದ. ಅವಳ ಊದಿಕೊಂಡ ಕಣ್ಣುಗಳನ್ನು ನೋಡಿದ. ಮತ್ತೆ ಬಾಯಿ ಮುಚ್ಚಿದ.

"ಮಾತಾಡಿ! ಯಾಕೆ ಸುಮ್ನಿದೀರಾ?"

ಅವನು ತೊಟ್ಟಿಯತ್ತ ಬಗ್ಗಿ ಮತ್ತೆ ಕ್ಯಾಮರಾ ತೊಳೆಯತೊಡಗಿದ.

"ನಿಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದೇ ನಾನು ಮಾಡಿದ ದೊಡ್ಡ ತಪ್ಪು!"

ಅವನ ಮೌನವನ್ನು ಅವಳು ಒಪ್ಪಿಗೆಯೆಂದೇ ತಿಳಿದಳು. ತಿರುಗಿ ನೋಡದೆ ನಡೆದುಬಿಟ್ಟಳು. ಅವನು ಉಳಿದ ಚಿತ್ರಗಳಿಗಾಗಿ ದೂರದ ದ್ವೀಪಕ್ಕೆ ಹೋದನೆಂದು ಆಮೇಲೆ ಯಾರೋ ಹೇಳಿದರು.

ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಅವಳ ದಿನಗಳು ಸವೆದವು. ಸಾವಿರಾರು ಚಿತ್ರ ಆರಿಸಬೇಕಿತ್ತು. ಆದರೆ ಕಪ್ಪೆಯ ಚಿತ್ರ ತೆರೆದರೆ ಅದರ ಅಂಚಿನಲ್ಲಿ ಅವನ ಮೊಣಕೈ! ಚಿಟ್ಟೆಯ ಚಿತ್ರದ ಹಿಂದೆ ಮಸುಕು ಮಸುಕಾಗಿ ಅವನ ಅಂಗಿಯ ನೀಲಿ!

"ಅರ್ಧ ಗಂಟೆಯಿಂದ ಒಂದೇ ಕಪ್ಪೆ ನೋಡ್ತಿದೀಯಲ್ಲೇ," ಎಂದಳು ಚಹಾ ತಂದ ಅಕ್ಕ. "ಅದೇನು ರಾಜಕುಮಾರ ಆಗುತ್ತೆ ಅಂತ ಕಾಯ್ತಿದೀಯಾ?"

"ಹೋಗಕ್ಕಾ ನೀನು..." ಎಂದವಳ ಕಣ್ಣಂಚು ಒದ್ದೆಯಾಗಿತ್ತು. ಅಕ್ಕ ನೋಡಿಯೂ ನೋಡದವಳಂತೆ ಲೋಟ ಇಟ್ಟು ಇಳಿದುಹೋದಳು.

ಒಂದು ತಿಂಗಳ ಬಳಿಕ ಕಚೇರಿಯಲ್ಲಿ ಪುಟ ಜೋಡಿಸುವ ಹುಡುಗಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಚಿತ್ರಗಳ ಅಡಿಬರಹಕ್ಕೆ ಜಾಗ, ದಿನಾಂಕ ಬೇಕಿತ್ತು.

"ಈ ಫೋನಿನ ಚಿತ್ರಗಳಿಗೆ ನೀವು ಹೇಳೋದೇ ಬೇಡ ಮೇಡಂ. ಜಾಗದ ಗುರುತು ಫೋಟೋ ಒಳಗೇ ಇರುತ್ತೆ, ನೋಡಿ," ಎಂದು ಒಂದು ಗುಂಡಿ ಒತ್ತಿದಳು. ಪರದೆಯ ಮೇಲೆ ನಕ್ಷೆ ತೆರೆಯಿತು. ತೊರೆ... ಬಂಡೆ... ಮರ ನಿಂತಿದ್ದಲ್ಲೇ ಒಂದು ಕೆಂಪು ಚುಕ್ಕಿ!

ಅವಳು ಪರದೆಯತ್ತ ಬಾಗಿದಳು. "ಜಾಲತಾಣದಲ್ಲಿ ಹಾಕಿದ್ರಲ್ಲ... ಅದರಲ್ಲೂ ಇದು ಇತ್ತಾ?"

ಹುಡುಗಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ... ಬಾಯಿ ಬಿಟ್ಬಿಟ್ನಾ ನಾನು! ನಮಗೂ ಹೊಳೆದಿರ್ಲಿಲ್ಲ ಮೇಡಂ. ನೀವು ಅತ್ಕೊಂಡು ಫೋನ್ ಮಾಡಿದ್ರಲ್ಲ, ಸಂಪಾದಕರಿಂದ ಸುದ್ದಿ ತಿಳಿದು ಮರುದಿನ ಬೆಳಿಗ್ಗೆನೇ ಮುಳುಗಪ್ಪ ಬಂದಿದ್ರು. ಅವರೇ ಈ ಗುರುತು ಹುಡುಕಿ, ಜಾಲತಾಣದಿಂದ ಚಿತ್ರ ತೆಗೆಸಿದ್ದು. ನಿಮಗೆ ಹೇಳ್ಬೇಡಿ ಅಂತ ನನ್ನ ಹತ್ರ ಮಾತು ತಗೊಂಡ್ರು. ನಿಮ್ಮ ಕೈಯಿಂದಲೇ ಆಯ್ತು ಅಂತ ಗೊತ್ತಾದ್ರೆ ನೀವು ಕ್ಯಾಮರಾ ಮುಟ್ಟೋದೇ ಬಿಟ್ಬಿಡ್ತೀರಿ ಅಂದ್ರು."

ಬೆಳಿಗ್ಗೆ! ಅವಳು ದೋಣಿಕಟ್ಟೆಗೆ ಹೋಗಿ ಕೂಗಾಡಿದ್ದು ಅದೇ ಸಂಜೆ. ಅಂದರೆ ಎಲ್ಲ ಗೊತ್ತಿದ್ದೂ...

ಮನೆಗೆ ಬಂದು ಅಕ್ಕನ ಮಡಿಲಲ್ಲಿ ಬಿದ್ದು ಬಿಕ್ಕಿದಳು. ಎಲ್ಲ ಕೇಳಿದ ಅಕ್ಕ ಅವಳ ತಲೆಗೂದಲಲ್ಲಿ ಬೆರಳಾಡಿಸುತ್ತಾ ಕೇಳಿದಳು, "ಇದನ್ನೆಲ್ಲ ನನ್ನ ಹತ್ರ ಹೇಳಿದ್ರೆ ಏನು ಬಂತು? ದ್ವೀಪಕ್ಕೆ ದೋಣಿ ಎಷ್ಟು ಹೊತ್ತಿಗೆ?"

ಮರುದಿನ ಬೆಳಿಗ್ಗೆ ಹತ್ತಕ್ಕೆ ದೋಣಿ ದ್ವೀಪ ಮುಟ್ಟಿತು. ದೋಣಿ ನಡೆಸುತ್ತಿದ್ದ ಹೆಂಗಸು ಹವಳದ ದಿಬ್ಬದ ಒಳಗಿನ ತಿಳಿನೀರಿನತ್ತ ಕೈ ತೋರಿಸಿದಳು. "ಅವನಾ? ಹನ್ನೊಂದು ದಿನದಿಂದ ಅಲ್ಲೇ ಬೋರಲು ಬಿದ್ದಿದಾನೆ. ನೆಲದ ಮೇಲೆ ಮನಸ್ಸು ನಿಲ್ಲಲ್ವಂತೆ."

ಸೊಂಟದಷ್ಟೇ ನೀರು. ಆದರೂ ಅವಳಿಗೆ ಈಜು ಬಾರದು. ಆ ಹೆಂಗಸು ಕೊಟ್ಟ ಮುಖವಾಡ ಕಟ್ಟಿಕೊಂಡು, ಕೊಳವೆ ಕಚ್ಚಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಅವನ ಪಕ್ಕಕ್ಕೆ ಬಂದಳು. ಕಣ್ಣು ಮುಚ್ಚಿ ಮುಖವನ್ನು ನೀರಿಗಿಳಿಸಿದಳು.

ಕಣ್ಣು ತೆರೆದರೆ... ಹಸಿರು ಬಯಲು! ನೀರಿನಡಿ ಉದ್ದುದ್ದ ಹುಲ್ಲು, ಗಾಳಿಯಿಲ್ಲದೆ ತೂಗುತ್ತಿತ್ತು. ಬಿಸಿಲು ಅದರ ಮೇಲೆ ಬಲೆ ಬಲೆಯಾಗಿ ಹರಿದಾಡುತ್ತಿತ್ತು. ಹುಲ್ಲಿನ ನಡುವೆ ಅವನು. ಅವಳನ್ನು ಕಂಡು ಅವನ ಕಣ್ಣು ಗಾಜಿನೊಳಗೆ ಅಗಲವಾದವು. ಮರುಕ್ಷಣವೇ ಅವಳ ಕೈ ಹಿಡಿದು ಮುಂದೆ ತೋರಿಸಿದ.

ಹುಲ್ಲೆಸಳಿಗೆ ಬಾಲ ಸುತ್ತಿ ನಿಂತ ಒಂದು ಸಮುದ್ರಕುದುರೆ. ಗಂಡು. ಅದರ ಉಬ್ಬಿದ ಹೊಟ್ಟೆಯ ಚೀಲ ಬಿರಿದು, ಒಂದು ಮರಿ ಚಿಮ್ಮಿತು! ಉಗುರಿಗಿಂತ ಸಣ್ಣದು. ಮತ್ತೊಂದು... ಮತ್ತೆ ಹತ್ತು... ಹೊತ್ತು ಹೆರುವ ಅಪ್ಪ ಮುಂದಕ್ಕೆ ಬಾಗಿ ಬಾಗಿ ದಣಿಯುತ್ತಿತ್ತು. ಮರಿಗಳು ಬಿಸಿಲಿನ ಕಣಗಳಂತೆ ಅವರಿಬ್ಬರ ಬೆರಳ ಸಂದಿಯಲ್ಲಿ ತೇಲಿ ಹೋದವು.

ಅವಳು ಮುಖವಾಡದೊಳಗೇ ಅಳತೊಡಗಿದಳು.

ಅವನ ಸೊಂಟದಲ್ಲಿ ನೀರಿನಡಿ ಬರೆಯುವ ಬಿಳಿ ಹಲಗೆ, ಪೆನ್ಸಿಲ್ ತೂಗುತ್ತಿದ್ದವು. ಅವಳು ಎಳೆದುಕೊಂಡು ಬರೆದಳು.

"ನನ್ನ ಫೋನು. ನನ್ನ ತಪ್ಪು."

ಅವನು ಓದಿದ. ಹೆಬ್ಬೆರಳಿನಿಂದ ಉಜ್ಜಿ ಅಳಿಸಿ ಬರೆದ.

"ಮೊದಲು ಉಸಿರಾಡಿ."

ಇಬ್ಬರೂ ಎದ್ದು ನಿಂತು ಮುಖವಾಡ ಕಿತ್ತರು. ಕೂದಲಿಂದ, ಮೂಗಿನಿಂದ, ಗಲ್ಲದಿಂದ ನೀರು...

"ಗೊತ್ತಾಯ್ತಾ?" ಅವನ ದನಿ ಸಣ್ಣಗಿತ್ತು.

"ಅವತ್ತೇ ಯಾಕೆ ಹೇಳಿಲ್ಲ? ನಾನೇನು ಗಾಜಿನ ಗೊಂಬೆನಾ? ಅಳ್ತಿದ್ದೆ, ಎರಡು ದಿನ ಊಟ ಬಿಡ್ತಿದ್ದೆ. ಆಮೇಲೆ ಮತ್ತೆ ಕ್ಯಾಮರಾ ಎತ್ಕೊಳ್ತಿದ್ದೆ!"

"ನಿಮ್ಮ ಕಣ್ಣು ನೋಡಿ ಧೈರ್ಯ ಬರ್ಲಿಲ್ಲ. ನಿಮ್ಮ ಪರವಾಗಿ ನಾನೇ ನಿರ್ಧಾರ ಮಾಡ್ಬಿಟ್ಟೆ. ತಪ್ಪಾಯ್ತು."

"ನಾನು ನಿಮ್ಮನ್ನ ಕಳ್ಳನ ಹಾಗೆ ಮಾತಾಡ್ಸಿದೆ..."

"ನೋವಾಗಿದ್ದು ಅದಕ್ಕಲ್ಲ." ಅವನು ನೀರಿನತ್ತ ನೋಡಿದ. "ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದೇ ತಪ್ಪು ಅಂದ್ರಲ್ಲ, ಅದಕ್ಕೆ. ಅವತ್ತು ಆ ಮರದ ಕೆಳಗೆ ನಾನು ಹೂ ನೋಡಿದ್ದು ಸ್ವಲ್ಪ ಹೊತ್ತು ಮಾತ್ರ."

"ಮತ್ತೆ... ಅಷ್ಟೊತ್ತು?"

ಅವನು ಅವಳನ್ನೇ ನೋಡಿದ. ಕಿವಿ ಕೆಂಪಾಗಿದ್ದವು.

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನೀವು ವಾಪಸ್ ಬನ್ನಿ. ಪುಸ್ತಕಕ್ಕಲ್ಲ... ನನಗೆ ಬೇಕು."

"ನೀನು..." ಎಂದು ಅವನು ತಟ್ಟನೆ ನಿಲ್ಲಿಸಿದ.

"ಏನಂದ್ರಿ?"

"ಬಾಯಿ ತಪ್ಪಿ ಬಂತು."

"ಇನ್ನೊಂದ್ಸಲ ತಪ್ಪಲಿ."

ಅವನು ನಕ್ಕ. ಅವಳ ಹಣೆಗೆ ಅಂಟಿದ ಒದ್ದೆ ಕೂದಲನ್ನು ಬೆರಳಿನಿಂದ ಸರಿಸಿದ. "ನೀನು ನಡುಗ್ತಿದೀಯ. ದಡಕ್ಕೆ ಹೋಗೋಣ ಬಾ."

"ಊಹೂಂ. ಅದರ ಮರಿಗಳು ಇನ್ನೂ ಬರ್ತಾನೇ ಇವೆ." ಅವಳು ಮುಖವಾಡ ಕಟ್ಟಿಕೊಂಡು, ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. "ನನಗೆ ಈಜು ಬರಲ್ಲ. ಕೈ ಬಿಡಬೇಡ... ನೀನು."