ಒಂದೇ ಕಿಕ್ಕಿಗೆ ಸ್ಟಾರ್ಟ್ ಆದ ಬೈಕು

"ನನ್ನ ಬೈಕನ್ನ ಯಾರೋ ಕದ್ದಿದಾರೆ," ಎಂದರು ನರ್ಸಮ್ಮ.

ಅವರ ಬೈಕು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಅದರ ಜಾಗದಲ್ಲೇ, ಎರಡು ಬೀಗ ಹಾಕಿಸಿಕೊಂಡು ನಿಂತಿತ್ತು. ಐದು ನಿಮಿಷದ ಹಿಂದಷ್ಟೇ ನಾನೇ ನೋಡಿ ಬಂದಿದ್ದೆ.

ಆಗ ನಾನು ಕೂತಿದ್ದುದು ತಕ್ಕಡಿಯ ಮನೆಯಲ್ಲಿ. ತಕ್ಕಡಿ ಎಂದರೆ ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಕಟ್ಟಡದಲ್ಲಿ ಏನೇ ಕಳೆದರೂ, ಯಾರೇ ಸುಳ್ಳು ಹೇಳಿದರೂ ಜನ ಮೊದಲು ತಟ್ಟುವುದು ಅವನ ಬಾಗಿಲನ್ನೇ. ನಾನು ಬಸ್ಸು ಓಡಿಸಿ ನಿವೃತ್ತನಾದವನು. ಅವನ ಬಾಲ ಎಂದು ನನ್ನ ಹೆಂಡತಿ ಕರೆಯುತ್ತಾಳೆ, ಕರೆಯಲಿ.

"ಕದ್ದ ಬೈಕು ಕೆಳಗೇ ನಿಂತಿದೆಯಲ್ಲ ಸಿಸ್ಟರ್?" ಎಂದ ತಕ್ಕಡಿ.

"ಟ್ಯಾಂಕು ನಂದು, ಸೀಟು ನಂದು. ಒಳಗಿರೋ ಜೀವ ನಂದಲ್ಲ. ಕಣ್ಣಿನ ಆಪರೇಷನ್ನು ಮುಗಿಸಿ ಮೂರು ವಾರ ಆದ್ಮೇಲೆ ನಿನ್ನೆ ಬಂದೆ. ಕಿಕ್ಕು ಹೊಡೆದೂ ಹೊಡೆದೂ ಕಾಲು ಬಿದ್ದೋಯ್ತು, ಜಪ್ಪಯ್ಯ ಅಂದ್ರೂ ಸ್ಟಾರ್ಟ್ ಆಗ್ಲಿಲ್ಲ. ಇದು ನನ್ನ ಬೈಕೇ ಅಲ್ಲ ಅಂತ ಕೂಗಾಡ್ದೆ. ಇವತ್ತು ಬೆಳಿಗ್ಗೆ ನನ್ನ ತಮ್ಮ ಬಂದು ಎಲ್ಲರ ಮುಂದೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿಬಿಟ್ಟ. 'ಅಕ್ಕಾ, ನಿಂಗೆ ಮರೆವು ಶುರುವಾಗಿದೆ' ಅಂದ. ಸಂಜೆ ಐದಕ್ಕೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾನಂತೆ. ಡಾಕ್ಟರು ಹೂಂ ಅಂದ್ರೆ ಮುಗೀತು. ಒಬ್ಬಳೇ ಇರಬೇಡ, ಮನೆ ಖಾಲಿ ಮಾಡು, ಬೈಕು ಬಿಡು..."

ಮೂವತ್ತು ವರ್ಷ ಹೆರಿಗೆ ಮಾಡಿಸಲು ಅದೇ ಬೈಕಿನಲ್ಲಿ ಬೀದಿಬೀದಿ ಅಲೆದ ಹೆಂಗಸು ಕುರ್ಚಿಯ ಅಂಚಿನಲ್ಲಿ ಕೂತು ಕಾಲು ಕುಣಿಸುತ್ತಿದ್ದರು.

ಬೆಳಗಿನ ಆ ಗುಂಪಿನಲ್ಲಿ ನಾನೂ ಇದ್ದೆ. ತಮ್ಮ ಎಂದರೆ ಪ್ರೆಸ್ಸಿನ ಮಾಲೀಕ. ಅಚ್ಚುಮೊಳೆ ಜೋಡಿಸುವ ಕೆಲಸದಿಂದ ಮೇಲೆ ಬಂದವನು. ಇಸ್ತ್ರಿ ಮಾಡಿದ ಬಿಳಿ ಅಂಗಿ. "ಈ ಹಳೇ ಕಬ್ಬಿಣ ಮುಟ್ಟಿ ಮೂವತ್ತು ವರ್ಷ ಆಯ್ತು" ಎಂದವನೇ ಪೆಟ್ರೋಲಿನ ನಲ್ಲಿ ತಿರುಗಿಸಿ, ಒಂದು ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು, ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿದು ಒದ್ದ. ಎಂಜಿನ್ನು ಎದ್ದಿತು. ಇದನ್ನು ಹೇಳಿದಾಗ ತಕ್ಕಡಿ ನನ್ನನ್ನು ಎರಡು ಸಲ ಕೇಳಿದ: "ಒಂದು ಕೈ ಜೇಬಲ್ಲೇ ಇತ್ತಾ? ಸರಿಯಾಗಿ ನೋಡ್ದೆಯಾ?"

"ನನ್ನ ಕಣ್ಣಿಗೇನು ಆಪರೇಷನ್ ಆಗಿಲ್ಲವಲ್ಲ," ಎಂದೆ. ನರ್ಸಮ್ಮ ನನ್ನ ಕಡೆ ಗುರಾಯಿಸಿದರು.

ಮೂವರೂ ಕೆಳಗಿಳಿದೆವು. ತಾವು ಸ್ಟಾರ್ಟ್ ಮಾಡುವ ಕ್ರಮವನ್ನು ನರ್ಸಮ್ಮ ತೋರಿಸಿದರು. ಮೊದಲು ನಲ್ಲಿ. ಆಮೇಲೆ ಕಾರ್ಬುರೇಟರಿನ ಮೇಲಿನ ಪುಟ್ಟ ಗುಂಡಿಯನ್ನು ಪೆಟ್ರೋಲು ಉಕ್ಕಿ ಬೆರಳು ಒದ್ದೆಯಾಗುವ ತನಕ ಒತ್ತಬೇಕು. ಆಮೇಲೆ ಕಿಕ್ಕು, ಮೂರನೆಯದಕ್ಕೆ ಎಂಜಿನ್ನು ಏಳಬೇಕು. "ಈ ಗುಂಡಿ ಒತ್ತದೆ ನನ್ನ ಎಂಜಿನ್ನು ಒಂದು ದಿನವೂ ಎದ್ದಿಲ್ಲ. ಹೇಳಿಕೊಟ್ಟವನೇ ನನ್ನ ತಮ್ಮ. ಮೊದಲು ಬೈಕು ಅವನದೇ. ಮದುವೆ ಆದ್ಮೇಲೆ ಹೆಂಡತಿಗೆ ಭಯ ಅಂತ ನಂಗೆ ದಾಟಿಸಿದ."

ಆ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲಿರಲಿಲ್ಲ. ನನಗೂ ಒಂದು ಬೈಕಿತ್ತು. ಚಳಿಗಾಲದ ಬೆಳಿಗ್ಗೆ ಅದರ ಬಿಸಿ ಎಂಜಿನ್ನಿಗೆ ಅಂಗೈ ಕಾಯಿಸಿಕೊಂಡೇ ಡ್ಯೂಟಿಗೆ ಹೋಗುತ್ತಿದ್ದೆ. ಮಾರಿದ ದಿನ ಬಸ್ಸು ಹತ್ತಿ ಮನೆಗೆ ಹೊರಟವನು ಎರಡು ಸ್ಟಾಪು ಮುಂದೆ ಹೋಗಿ ಇಳಿದಿದ್ದೆ. ಬಸ್ ಡ್ರೈವರು ತನ್ನ ಸ್ಟಾಪನ್ನೇ ತಪ್ಪಿಸಿಕೊಂಡ ಎಂದರೆ ನೀವೇ ಲೆಕ್ಕ ಹಾಕಿ.

"ಎಂಜಿನ್ ನಂಬರು ದಾಖಲೆಯಲ್ಲಿ ಇರೋ ಹಾಗೇ ಇದೆ ಕಣಯ್ಯ," ಎಂದೆ, ಬಗ್ಗಿ ನೋಡಿ.

"ಇದೆ," ಎಂದ ತಕ್ಕಡಿ. "ಸಿಸ್ಟರ್, ಹಳೇ ವಿಮೆ ಕಾಗದ ಇದೆಯಾ?"

ಇತ್ತು. ಅದರಲ್ಲಿ ಎಂಜಿನ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿ ತೆಗೆದ ಅಚ್ಚನ್ನು ಅಂಟಿಸಿದ್ದರು. ತಕ್ಕಡಿ ಇನ್ನೊಂದು ಕಾಗದ ತಂದು ಹಾಗೇ ಉಜ್ಜಿದ, ಸ್ಕೇಲು ಹಿಡಿದ. ಆಮೇಲೆ ಬೈಕಿನ ಸುತ್ತ ಶತಪಥ ಹಾಕತೊಡಗಿದ. "ನೀವಿಲ್ಲದಾಗ ಬೀಗದ ಕೀ ಯಾರ್ಯಾರ ಹತ್ರ ಇತ್ತು?"

ಮೂವರ ಹತ್ತಿರ. ಆಯಿಲ್ ಬದಲಾಯಿಸಲು ಗ್ಯಾರೇಜಿನ ಮೇಸ್ತ್ರಿ ಒಂದು ವಾರ ಇಟ್ಟುಕೊಂಡಿದ್ದ. ಹಳೇ ಬೈಕುಗಳ ಕ್ಲಬ್ಬಿನ ಕಾರ್ಯದರ್ಶಿ ಪ್ರದರ್ಶನಕ್ಕೆಂದು ಒಂದು ವಾರ ಒಯ್ದಿದ್ದ. ಕೊನೆಯ ವಾರ ಕೀ ತಮ್ಮನ ಹತ್ತಿರ ಇತ್ತು.

ಎರಡು ಗಂಟೆಗೆ ಕಾರ್ಯದರ್ಶಿಯನ್ನು ಕರೆಸಿ ಸ್ಟಾರ್ಟ್ ಮಾಡಲು ಹೇಳಿದೆವು. ಆತ ಗುಂಡಿ ಒತ್ತಿದ, ಒದ್ದ, ಬೆವೆತ. ಏನೂ ಆಗಲಿಲ್ಲ. ತಕ್ಕಡಿ ಪ್ಲಗ್ಗು ಬಿಚ್ಚಿ ಒರೆಸಿ ಒಣಗಿಸಿದ. ಮೂರಕ್ಕೆ ಮೇಸ್ತ್ರಿ ಬಂದ. ಅವನೂ ಗುಂಡಿ ಒತ್ತಿ ಒದ್ದ. ಸೋತು, ಬೆರಳು ಪ್ಯಾಂಟಿಗೆ ಒರೆಸಿಕೊಂಡು, "ನಾನೇನೂ ಮಾಡಿಲ್ಲ ಸ್ವಾಮಿ. ಬೆಳಿಗ್ಗೆ ಗೇಟಿನ ಹತ್ರ ಕೇಳಿದಾಗ ಸದ್ದು ಬೇರೆ ಅಂತ ಅನಿಸಿತ್ತು. ಹೇಳಿದ್ರೆ ನನ್ನ ತಲೆಗೇ ಕಟ್ತೀರಿ ಅಂತ ಬಾಯಿ ಮುಚ್ಚಿಕೊಂಡೆ," ಎಂದ. ತಕ್ಕಡಿ ಮತ್ತೆ ಪ್ಲಗ್ಗು ಒಣಗಿಸಿದ.

ನಾಲ್ಕೂವರೆಗೆ ನರ್ಸಮ್ಮನ ತಮ್ಮ ಕಾರಿನಲ್ಲಿ ಬಂದ. ನೆಲಮಾಳಿಗೆಯಲ್ಲಿ ಆಗಲೇ ಅರ್ಧ ಕಟ್ಟಡ ಸೇರಿತ್ತು.

"ಅಕ್ಕಾ, ಹೊತ್ತಾಯ್ತು. ಏನಿದು ಸಂತೆ?"

"ಐದು ನಿಮಿಷ," ಎಂದ ತಕ್ಕಡಿ. "ನಿಮ್ಮಕ್ಕನ ತಲೆ ಸರಿಯಿದೆ ಅನ್ನೋದು ಮೊದಲು ಇತ್ಯರ್ಥ ಆಗ್ಲಿ. ಈ ಎಂಜಿನ್ನು ಅವರದಲ್ಲ."

"ನಂಬರು ನೋಡ್ರೀ!"

"ನೋಡಿದೆ. ನನ್ನ ಸರ್ವೀಸೆಲ್ಲ ತೂಕದ ಬಟ್ಟಿನ ಮೇಲಿನ ಮುದ್ರೆ ನೋಡೋದ್ರಲ್ಲೇ ಸವೆದಿದೆ." ಎರಡು ಪೆನ್ಸಿಲ್ ಅಚ್ಚುಗಳನ್ನೂ ಎತ್ತಿ ಹಿಡಿದ. "ಇದು ಹಳೇದು. ಕಾರ್ಖಾನೆಯಲ್ಲಿ ಸುತ್ತಿಗೆ ಹಿಡಿದವನು ಅವಸರದಲ್ಲಿ ಹೊಡೆದಿದಾನೆ. ಮೂರನೇ ಅಂಕೆ ಕೆಳಗೆ ಜಾರಿದೆ, ಐದನೇದು ವಾಲಿದೆ. ಇದು ಇವತ್ತು ತೆಗೆದದ್ದು. ಅವೇ ಅಂಕೆಗಳು, ಆದರೆ ಒಂದು ಕೂದಲಿನಷ್ಟೂ ಸೊಟ್ಟ ಇಲ್ಲ, ಸಂದು ಎಲ್ಲ ಸಮಸಮ. ಕಳ್ಳಮುದ್ರೆ ಹಾಕೋನು ಸೊಟ್ಟಗಿರೋದನ್ನ ಸೊಟ್ಟಗೇ ಹೊಡೀಬೇಕು. ಇವನ ಕೈ ಅದಕ್ಕೆ ಒಪ್ಪಲಿಲ್ಲ. ಸಾಲು ನೆಟ್ಟಗೆ ಮಾಡಿಬಿಟ್ಟ. ಮೊಳೆ ಜೋಡಿಸಿ ಜೋಡಿಸಿ ಬಂದ ಚಾಳಿ ಅದು."

ಎಲ್ಲರೂ ಪ್ರೆಸ್ಸಿನವನ ಕಡೆ ತಿರುಗಿದರು.

"ಅಷ್ಟಕ್ಕೇ ನಾನು ಕಳ್ಳನಾ?"

"ಅಷ್ಟಕ್ಕೇ ಅಲ್ಲ. ಈ ಬೈಕಿನ ಪರಿಚಯ ಇದ್ದವರೆಲ್ಲ ಮೊದಲು ಗುಂಡಿ ಒತ್ತುತ್ತಾರೆ. ಹಳೇ ಎಂಜಿನ್ನಿಗೆ ಅದು ಬೇಕಿತ್ತು. ಇದು ಗಟ್ಟಿ ಎಂಜಿನ್ನು, ಒತ್ತಿದರೆ ಪೆಟ್ರೋಲು ಜಾಸ್ತಿಯಾಗಿ ಪ್ಲಗ್ಗು ನೆನೆದು ಸತ್ತೇ ಹೋಗುತ್ತೆ. ನಿಮ್ಮಕ್ಕ ಒತ್ತಿ ಸೋತರು, ಕಾರ್ಯದರ್ಶಿ ಸೋತ, ಮೇಸ್ತ್ರಿ ಸೋತ. ಆ ಗುಂಡಿ ಒತ್ತೋದನ್ನ ಅಕ್ಕನಿಗೆ ಕಲಿಸಿದವರೇ ನೀವು. ಇವತ್ತು ಬೆಳಿಗ್ಗೆ ಜೇಬಿಂದ ಕೈ ತೆಗೀದೆ, ಒತ್ತದೆ, ಒದ್ರಿ. ಮೂವತ್ತು ವರ್ಷ ಮುಟ್ಟದವರಿಗೆ ಇದಕ್ಕೆ ಅದು ಬೇಡ ಅಂತ ಹೇಗೆ ಗೊತ್ತು?" ತಕ್ಕಡಿ ನನಗೆ ಸನ್ನೆ ಮಾಡಿದ. ಗುಂಡಿ ಒತ್ತದೆ ನಾನು ಒದ್ದೆ. ಒಂದೇ ಕಿಕ್ಕು.

ನಾನು ಎಂಜಿನ್ನು ಆರಿಸಿದಾಗ ಆ ತಮ್ಮ ತನ್ನ ಕಾರಿಗೆ ಒರಗಿ ನಿಂತಿದ್ದ.

"ಕೂತಲ್ಲಿ ಕೂರಕ್ಕಾಗ್ತಿರ್ಲಿಲ್ಲ ಅಕ್ಕಾ," ಎಂದ. "ನೀನು ಪ್ರೆಸ್ಸಿನ ಮುಂದೆ ಹಾದು ಹೋದಾಗೆಲ್ಲ ಆ ಸದ್ದು ಕೇಳ್ತಿತ್ತು. ನನ್ನ ಇಪ್ಪತ್ತೆರಡನೇ ವಯಸ್ಸು ಅದರೊಳಗೇ ಇದೆ. ಕೊಟ್ಟಿದ್ದನ್ನ ವಾಪಸ್ ಕೇಳೋಕೆ ನಾಚಿಕೆ. ಆ ಎಂಜಿನ್ನನ್ನ ಪ್ರೆಸ್ಸಿನ ಹಿಂದಿನ ಶೆಡ್ಡಲ್ಲಿ ಬೇರೆ ಬೈಕಿನ ಚಾಸಿಗೆ ಕೂರಿಸಿದೀನಿ. ನಿಂಗೆ ಅದಕ್ಕಿಂತ ಒಳ್ಳೇದನ್ನೇ ಹಾಕಿಸಿದೆ, ಆಣೆಗೂ. ಖುಷಿಪಡ್ತೀಯ ಅಂದ್ಕೊಂಡೆ. ನೀನು 'ಇದು ನನ್ನ ಬೈಕಲ್ಲ' ಅಂತ ಗಲಾಟೆ ಎಬ್ಬಿಸಿದಾಗ ದಿಗಿಲಾಯ್ತು. ಮರೆವು ಅಂತ ಬಾಯಿಗೆ ಬಂತು, ಅಂದ್ಬಿಟ್ಟೆ. ಎಲ್ಲರೂ ಹೌದು ಹೌದು ಅಂದ್ರು. ಆಮೇಲೆ ಹಿಂದೆ ತಗೊಳ್ಳೋದು ಹೇಗೆ?"

ನರ್ಸಮ್ಮ ಅವನ ಹತ್ತಿರ ಹೋದರು. ಕಪಾಳಕ್ಕೆ ಬಿತ್ತು ಎಂದೇ ನಾನು ಅಂದುಕೊಂಡೆ.

"ಕೇಳಿದ್ರೆ ಕೊಡ್ತಿದ್ದೆ ಕಣೋ, ಮುಟ್ಠಾಳ. ಎಂಜಿನ್ನಿಗೆ ನಾನು ಅಳಲ್ಲ. ನನ್ನ ತಲೆ ಕೆಟ್ಟಿದೆ ಅಂದೆಯಲ್ಲ, ಅದನ್ನ ವಾಪಸ್ ತಗೋ. ಇಲ್ಲಿ ನಿಂತುಕೊಂಡಲ್ಲ. ಹದಿನಾರು ಮನೆ ಇದಾವೆ, ಒಂದೊಂದು ಬಾಗಿಲಿಗೂ ಹೋಗಿ ಹೇಳು. ಮೊದಲು ಆ ಡಾಕ್ಟರಿಗೆ ಫೋನ್ ಮಾಡು, ಬರಲ್ಲ ಅಂತ."

ಅವನು ಫೋನ್ ಮಾಡಿದ. ಆಮೇಲೆ ಮೆಟ್ಟಿಲು ಹತ್ತಿದ. ನನ್ನ ಬಾಗಿಲನ್ನೂ ತಟ್ಟಿ, "ನಮ್ಮಕ್ಕನ ತಲೆ ಸರಿಯಿದೆ, ಸುಳ್ಳು ಹೇಳಿದವನು ನಾನು," ಎಂದು ನೆಲ ನೋಡಿಕೊಂಡೇ ಒಪ್ಪಿಸಿದ. ಆಗಲಿ ಎಂದು ಬಾಗಿಲು ಹಾಕಿಕೊಂಡೆ. ಕೂರಲಾಗಲಿಲ್ಲ. ಬೆಳಿಗ್ಗೆ ಅವನು ಮರೆವು ಎಂದಾಗ ಹೌದು ಹೌದು ಎಂದವರಲ್ಲಿ ಮೊದಲನೆಯವನು ನಾನೇ. ಲಿಫ್ಟಿನಲ್ಲಿ ಇನ್ನಿಬ್ಬರಿಗೆ ಆ ಮಾತು ಹಂಚಿಯೂ ಇದ್ದೆ.

ತಪ್ಪು ಒಪ್ಪಿಕೊಳ್ಳೋಣ ಎಂದು ಎರಡನೇ ಮಹಡಿಗಿಳಿದು ಬೆಲ್ಲು ಒತ್ತಿದೆ. ನರ್ಸಮ್ಮ ಬಾಗಿಲು ತೆಗೆದು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ, "ಬನ್ನಿ ಒಳಗೆ," ಎಂದರು. "ನೀವು ನಾಲ್ಕನೆಯವರು."