ಹಾಯಿಗೆ ಎದ್ದ ಬೊಬ್ಬೆ

"ಅಪ್ಪಾ, ಹಾಯಿಗೆ ಬೊಬ್ಬೆ ಎದ್ದಿದೆ!"

"ಅದಕ್ಕೆ ಬೊಬ್ಬೆ ಎದ್ರೆ ನೀನ್ಯಾಕೆ ಬೊಬ್ಬೆ ಹೊಡೀತೀಯ?" ದೋಣಿಯ ಹಗ್ಗ ಬಿಚ್ಚುತ್ತಿದ್ದ ಅಪ್ಪ ತಲೆ ಎತ್ತದೆ ಕೇಳಿದ.

ಕೆದಕಿ ಸುಮ್ಮನಾಗಲಿಲ್ಲ. ಗಡಿಯಾರ ಕಂಡರೆ ಅದರ ಹಿಂದಿನ ಮುಚ್ಚಳ ತೆಗೆಯುವಳು, ಪೆನ್ ಕಂಡರೆ ಸ್ಪ್ರಿಂಗ್ ಹೊರಗೆಳೆಯುವಳು. ಅದಕ್ಕೇ ಮನೆಯವರೆಲ್ಲ ಅವಳನ್ನು ಕೆದಕಿ ಎಂದೇ ಕರೆಯುತ್ತಿದ್ದರು.

ಹಾಯಿಯ ಮೇಲೆ ಅಂಗೈ ಅಗಲದ ಗುಳ್ಳೆ ಎದ್ದಿತ್ತು. ಬೆರಳಿನಿಂದ ಒತ್ತಿದರೆ ಚರಚರ ಸದ್ದು. ಒಳಗಿನ ಗಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು.

ಅಪ್ಪ ಬಂದು ನೋಡಿದ. ಅವನ ಮುಖ ಸಪ್ಪಗಾಯಿತು.

"ನಾಳೆ ಸಮುದ್ರದ ನಡುವಿನ ದೀಪದ ಕಂಬದವರೆಗೂ ಹೋಗೋಣ ಅಂತ ನೀನೇ ಅಂದಿದ್ದೆ ಅಪ್ಪ! ಚುಕ್ಕಾಣಿ ನನ್ನ ಕೈಗೇ ಕೊಡ್ತೀನಿ ಅಂದಿದ್ದೆ!"

"ಕೊಡ್ತೀನಮ್ಮ. ಮೊದಲು ದೊಡ್ಡಮ್ಮನಿಗೆ ತೋರಿಸೋಣ. ನೀರಿನ ಮಧ್ಯೆ ಇದು ಹರಿದ್ರೆ ಮನೆಗೆ ಈಜ್ಕೊಂಡು ಬರಬೇಕಾಗತ್ತೆ."

ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಹಾಯಿ ಹೊಲಿಯುತ್ತಿದ್ದಳು. ಅವಳ ಕೆಲಸದ ಕೋಣೆಯಲ್ಲಿ ಮೇಜೇ ಇರಲಿಲ್ಲ, ಇಡೀ ನೆಲವೇ ಮೇಜು. ಹೊಲಿಗೆ ಮೆಷಿನ್ ಇಡಲು ನೆಲದಲ್ಲೇ ಒಂದು ಗುಂಡಿ. ಅದರಲ್ಲಿಳಿದು ಕುಳಿತರೆ ಸೊಂಟದವರೆಗೆ ಹೂತುಹೋದ ಹಾಗೆ ಕಾಣುತ್ತಿದ್ದಳು.

"ಶೂ ಬಿಚ್ಚಿ!" ಗುಂಡಿಯಿಂದಲೇ ಕೂಗಿದಳು. ಆಮೇಲೆ ಮೇಲೆ ಬಂದು ಗುಳ್ಳೆಯನ್ನು ಒತ್ತಿ ನೋಡಿದಳು. "ಪದರ ಬಿಟ್ಟಿದೆ."

"ಬಟ್ಟೇಲಿ ಎಂಥ ಪದರ ದೊಡ್ಡಮ್ಮ?"

"ಇದು ಬಟ್ಟೆ ಅಲ್ಲ ಕಣೆ. ನಿನ್ನ ಸ್ಕೂಲ್ ಐಡಿ ಕಾರ್ಡ್ ಲ್ಯಾಮಿನೇಟ್ ಮಾಡಿರ್ತಾರಲ್ಲ, ಹಾಗೆ. ಎರಡು ತೆಳು ಪ್ಲಾಸ್ಟಿಕ್ ಹಾಳೆ, ನಡುವೆ ದಾರದ ಬಲೆ. ಒಳಗಿನ ಅಂಟಿಗೆ ವಯಸ್ಸಾದ್ರೆ ಬಿಟ್ಟುಬಿಡತ್ತೆ."

"ಅಂಟಿಗೆ ಯಾಕೆ ವಯಸ್ಸಾಗತ್ತೆ?"

"ಬಿಸಿಲು. ಮಡಚಿ ಮಡಚಿ ಇಟ್ಟಿದ್ದು. ಗಾಳೀಲಿ ಪಟಪಟ ಬಡಿದದ್ದು. ನನ್ನ ಮಂಡಿ ಇಲ್ವಾ, ಅದೇ ಥರ."

ದೊಡ್ಡಮ್ಮನಿಗೆ ಬೇರೆ ಹಾಯಿಯ ಕೆಲಸ ಬಾಕಿಯಿತ್ತು. "ಗುಳ್ಳೆ ಮೇಲೆ ನಾನೇ ಪ್ಯಾಚ್ ಹಾಕ್ಲಾ?" ಎಂದು ಕೆದಕಿ ಕುಣಿದಾಗ ಅಂಟಿನ ಬಟ್ಟೆಯ ತುಂಡು, ಕತ್ತರಿ ಎರಡನ್ನೂ ಅವಳ ಕಡೆ ತಳ್ಳಿದಳು.

ಕೆದಕಿ ಚೌಕವಾಗಿ ಕತ್ತರಿಸಿ ಅಂಟಿಸಿದಳು. ಊಟ ಮಾಡಿ ಬಂದು ನೋಡಿದರೆ ಮೂಲೆಗಳು ನಾಯಿಕಿವಿಯ ಹಾಗೆ ಎದ್ದಿದ್ದವು. ಅವಳು ತನ್ನ ಮಂಡಿಯ ಬ್ಯಾಂಡೇಜ್ ಪಟ್ಟಿ ನೋಡಿಕೊಂಡಳು. ಸ್ನಾನ, ಓಟ ಎಲ್ಲ ಆದರೂ ಅದು ಅಲ್ಲಾಡಿರಲಿಲ್ಲ. ಅದಕ್ಕೆ ಮೂಲೆಯೇ ಇಲ್ಲ, ತುದಿ ದುಂಡಗೆ!

ಇನ್ನೊಂದು ತುಂಡನ್ನು ದುಂಡಗೆ ಕತ್ತರಿಸಿದಳು. ಮೂಲೆ ಏಳಲಿಲ್ಲ ನಿಜ. ಆದರೆ ಹಾಯಿಯನ್ನು ಎತ್ತಿದ ಕೂಡಲೇ ಇಡೀ ಪ್ಯಾಚೇ ಕಳಚಿ ಕಾಲ ಮೇಲೆ ಬಿತ್ತು.

ಅವಳಿಗೆ ಅಳು ಬಂತು. ಆದರೆ ಪ್ಯಾಚಿನ ಹಿಂದೆ ಏನೋ ಬೆಳ್ಳಗೆ, ತರಿತರಿಯಾಗಿ ಕಂಡಿತು. ಅಳು ಅಲ್ಲೇ ನಿಂತಿತು. ಬೆರಳಿಗೆ ಹಚ್ಚಿ ನೆಕ್ಕಿದಳು.

"ಥೂ, ಉಪ್ಪು!"

"ಸಮುದ್ರದ್ದು," ಗುಂಡಿಯೊಳಗಿಂದ ದೊಡ್ಡಮ್ಮ ಹೇಳಿದಳು. "ಉಪ್ಪಿನ ಮೇಲೆ ಯಾವ ಅಂಟೂ ನಿಲ್ಲಲ್ಲ. ಗುಳ್ಳೆ ಒಳಗೂ ಇರತ್ತೆ."

"ಗೊತ್ತಿದ್ದೂ ಮೊದಲೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲ! ಹುಟ್ಟಿದ ಮೇಲೆ ಇದೇ ಮೊದಲ ಸಲ ನೀನು ಏನೂ ಕೇಳದೇ ಇದ್ದದ್ದು."

ಇಬ್ಬರೂ ಸೇರಿ ಗುಳ್ಳೆಯ ಅಂಚನ್ನು ಬ್ಲೇಡಿನಿಂದ ಸ್ವಲ್ಪ ಸೀಳಿ, ಒಳಗೆ ಸಿಹಿನೀರು ಬಿಟ್ಟು ತೊಳೆದರು. ನೀರು ಕಲಗಚ್ಚಿನ ಹಾಗೆ ಹೊರಗೆ ಬಂತು. ತಿಳಿಯಾಗುವವರೆಗೂ ತೊಳೆದು, ಹಾಯಿಯನ್ನು ತೊಲೆಗೆ ತೂಗುಹಾಕಿ ಫ್ಯಾನ್ ಹಚ್ಚಿದರು.

"ಯಾವಾಗ ಒಣಗತ್ತೆ?"

"ಹಾಯಿಯನ್ನೇ ಕೇಳು."

ಮರುದಿನ, ಭಾನುವಾರ ಬೆಳಿಗ್ಗೆ, ದೊಡ್ಡಮ್ಮ ಹೊಲಿದು ಮುಗಿಸಿದ ಆ ಬೇರೆ ಹಾಯಿಯನ್ನು ಕೊಟ್ಟುಬರಲು ಹೊರಗೆ ಹೋಗಿದ್ದಳು. ಕೆದಕಿ ಕೋಣೆಗೆ ಬಂದರೆ ಅಪ್ಪ ಆಗಲೇ ಅಲ್ಲಿದ್ದ. ತಲೆಗೆ ಟೋಪಿ, ಮೈಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್.

"ಒಣಗಿದೆ ಬಿಡು. ಬೇಗ ಅಂಟಿಸಿ ಹೊರಡೋಣ. ಗಾಳಿ ನೋಡು, ಎಷ್ಟು ಚೆನ್ನಾಗಿದೆ!"

ಕಿಟಕಿಯಾಚೆ ದೋಣಿಗಳು ಒಂದರ ಹಿಂದೆ ಒಂದು ಹೊರಟಿದ್ದವು. ಕೆದಕಿ ಗುಳ್ಳೆಗೆ ಕೆನ್ನೆ ಒತ್ತಿದಳು. ತಣ್ಣಗಿತ್ತು. ಸೀಳಿನೊಳಗೆ ಬೆರಳು ತೂರಿಸಿದಳು. ಬೆರಳಿಗೆ ಒದ್ದೆ ತಾಗಿತು.

ಒಣಗಿದೆ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆರಳನ್ನು ಮೆಲ್ಲಗೆ ಫ್ರಾಕಿಗೆ ಒರೆಸಿಕೊಂಡಳು.

"ಇನ್ನೂ ಒದ್ದೆ ಅಪ್ಪ."

"ಸ್ವಲ್ಪಾನಾ?"

"ಸ್ವಲ್ಪಾನೇ. ಆದ್ರೂ ಒದ್ದೆ."

ಅಪ್ಪ ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ಜಾಕೆಟ್ ಬಿಚ್ಚಲಿಲ್ಲ. "ವಾರವಿಡೀ ಆಫೀಸಲ್ಲಿ ಇದನ್ನೇ ನೆನೆಸ್ಕೊಂಡು ಕೂತಿದ್ದೆ ಕಣೆ," ಎಂದ, ಕಿಟಕಿಯ ಕಡೆ ನೋಡುತ್ತ.

ಕೆದಕಿ ಅವನನ್ನೇ ನೋಡಿದಳು. ತನ್ನ ಖುಷಿಗಾಗಿ ಅಪ್ಪ ಬರುತ್ತಾನೆ ಎಂದುಕೊಂಡಿದ್ದಳು. ಅವನಿಗೂ ಅಷ್ಟೇ ಆಸೆ ಇದ್ದೀತು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಅವಳು ಏನೂ ಕೇಳದೆ ಅವನ ಪಕ್ಕ ಕುಳಿತಳು.

ಮಧ್ಯಾಹ್ನದ ಮೇಲೆ ದೊಡ್ಡಮ್ಮ ಸಿರಿಂಜಿನಿಂದ ಗುಳ್ಳೆಯೊಳಗೆ ಅಂಟು ಬಿಟ್ಟಳು. ಅಪ್ಪ ರೋಲರ್ ಉರುಳಿಸಿ ಗಾಳಿಯನ್ನೆಲ್ಲ ಹೊರಗೆ ಓಡಿಸಿದ. ಅಂಟು ಹಿಡಿದ ಮೇಲೆ, ವಾರದ ನಡುವೆ ಒಂದು ಸಂಜೆ, ಕೆದಕಿ ಎರಡೂ ಬದಿಗೆ ದುಂಡು ಪ್ಯಾಚ್ ಹಚ್ಚಿದಳು. ದೊಡ್ಡಮ್ಮ ಸುತ್ತಲೂ ಹೊಲಿಗೆ ಹಾಕಿದಳು.

ಮುಂದಿನ ಭಾನುವಾರ ದೋಣಿ ಹೊರಟಿತು. ಪ್ಯಾಚ್ ಅಲ್ಲಾಡಲಿಲ್ಲ. ಕೆದಕಿ ಹಲ್ಲು ಕಚ್ಚಿ ಚುಕ್ಕಾಣಿ ಹಿಡಿದು ದೀಪದ ಕಂಬವನ್ನು ಒಂದು ಸುತ್ತು ಹಾಕಿಸಿದಳು. ಅಪ್ಪ ಎದುರಿಗೆ ಕೂತು ಅವಳ ಕೈಯನ್ನೇ ನೋಡುತ್ತಿದ್ದ. ಅವಳು ಎಡಕ್ಕೆ ತಿರುಗಿಸಿದರೆ ಅವನ ಖಾಲಿ ಕೈಯೂ ಎಡಕ್ಕೆ ತಿರುಗುತ್ತಿತ್ತು.

"ತಗೋ ಅಪ್ಪ. ಇನ್ನು ನೀನು ಹಿಡಿ."

"ಯಾಕೆ, ಕೈ ನೋವಾಯ್ತಾ?"

"ಇಲ್ಲ," ಎಂದಳು ಕೆದಕಿ. ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟಳು.