ಚೆಂಡುಹೂವಿನ ಅಂಚು

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಗುಂಡ್ಲುಪೇಟೆ ಠಾಣೆಗೆ ಬಂದ ಗುರುಪಾದಸ್ವಾಮಿ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು: "ನಮ್ಮ ತಂದೆಯವರ ಸೀರೆ ಕಳುವಾಗಿದೆ."

ಹೆಡ್ ಕಾನ್‌ಸ್ಟೆಬಲ್ ರಾಜಣ್ಣ ನಗು ತಡೆದುಕೊಂಡ. ಇನ್‌ಸ್ಪೆಕ್ಟರ್ ಮೃತ್ಯುಂಜಯ ನಗಲಿಲ್ಲ. ಗುರುಪಾದಸ್ವಾಮಿಯ ತಂದೆ ದೊಡ್ಡಮಲ್ಲಪ್ಪ ಸೀರೆಗಳ ಅಂಚಿಗೆ ಚಿತ್ತಾರ ಬರೆದುಕೊಟ್ಟು ದೆಹಲಿಯವರೆಗೂ ಹೆಸರು ಮಾಡಿದ ವಿನ್ಯಾಸಕಾರ. ಅವರು ತೀರಿಕೊಂಡ ಮೇಲೆ ಮಗ ಹಳೆಯ ಮನೆಯನ್ನೇ ಸಣ್ಣ ಮ್ಯೂಸಿಯಂ ಮಾಡಿ, ಇಪ್ಪತ್ತು ರೂಪಾಯಿ ಟಿಕೆಟ್ ಇಟ್ಟಿದ್ದರು.

ದೂರು ಬರೆಸಿಕೊಂಡು, ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ ಎಫ್‌ಐಆರ್ ದಾಖಲಿಸಿ, ಮೃತ್ಯುಂಜಯ ಪಂಚನಾಮೆಗೆ ಹೊರಟ.

ನಡುಮನೆಯಲ್ಲಿ ಸಾಲಾಗಿ ಮರದ ಸ್ಟ್ಯಾಂಡುಗಳು, ಅವುಗಳ ಮೇಲೆ ಸೀರೆಗಳು. ಕೊನೆಯ ಸ್ಟ್ಯಾಂಡು ಬರಿದಾಗಿತ್ತು. ಹೋದದ್ದು ಅರಿಶಿನ ಬಣ್ಣದ ನೂಲಿನ ಸೀರೆ, ಚೆಂಡುಹೂವಿನ ಅಂಚಿನದು. ಪಕ್ಕದಲ್ಲೇ ಇದ್ದ ಜರಿಯ ರೇಷ್ಮೆ ಸೀರೆಗಳನ್ನು ಯಾರೂ ಮುಟ್ಟಿರಲಿಲ್ಲ.

"ಜರಿ ಬುಟ್ಟು ನೂಲಿಂದು ಎತ್ಕೊಂಡೋಗವ್ನೆ," ಎಂದ ರಾಜಣ್ಣ. "ಕಳ್ಳಂಗೆ ಕಣ್ಣು ಕಾಣದಿಲ್ವೇನೋ ಸಾ."

ಟಿಕೆಟ್ ಕೊಡುವ ಶಾಂತಿ ಬಾಗಿಲ ಬಳಿ ನಿಂತಿದ್ದಳು. ಹಿಂದಿನ ಸಂಜೆ ಕರೆಂಟ್ ಇರಲಿಲ್ಲವೆಂದು ಒಳಗೆ ನೋಡದೆ ಬೀಗ ಹಾಕಿದ್ದಳು. ಬೆಳಿಗ್ಗೆ ಕಸ ಗುಡಿಸುವಾಗ ಗೊತ್ತಾಗಿತ್ತು.

"ನೆನ್ನೆ ಯಾರ್ಯಾರು ಬಂದಿದ್ರಮ್ಮ?"

"ಊಟಿಗೆ ಹೋಗೋರು ಒಂದು ಫ್ಯಾಮಿಲಿ ಸಾರ್. ಮಧ್ಯಾಹ್ನ ಒಬ್ರು ಅಜ್ಜ, ಒಬ್ರೇ."

"ಅಜ್ಜ ಏನು ಮಾಡಿದ್ರು?"

"ಚಪ್ಪಲಿ ಆಚೆ ಬಿಟ್ರು ಸಾರ್. ಇಲ್ಲಿ ಯಾರೂ ಬಿಡಲ್ಲ. ಹಾಕ್ಕೊಂಡೇ ಬನ್ನಿ ಅಜ್ಜ ಅಂದೆ, ಬ್ಯಾಡ ಕಣವ್ವ ಅಂದ್ರು. ಹೊಸಲು ಮುಟ್ಟಿ ಕಣ್ಣಿಗೆ ಒತ್ಕೊಂಡ್ರು. ಅಡುಗೆಮನೇಲಿ ತುಂಬಾ ಹೊತ್ತು ಇದ್ರು."

ಅಡುಗೆಮನೆಯನ್ನು ದೊಡ್ಡಮಲ್ಲಪ್ಪನ ಹೆಂಡತಿಯ ಕಾಲದಲ್ಲಿ ಇದ್ದಂತೆಯೇ ಉಳಿಸಿದ್ದರು. ಬೀಸುವ ಕಲ್ಲು, ಒಲೆ, ಹಿತ್ತಾಳೆ ಸೇರಿನ ತುಂಬ ಅಕ್ಕಿ. ಆ ಅಕ್ಕಿಯ ನಡುವೆ ಒಂದು ಗುಳಿ ಬಿದ್ದಿತ್ತು, ಬೊಗಸೆಯಲ್ಲಿ ತೆಗೆದಂತೆ. ಪಕ್ಕದ ತಟ್ಟೆಯಲ್ಲಿ ಇದ್ದ ತೆಂಗಿನಕಾಯಿಯೂ ಇರಲಿಲ್ಲ.

"ಇಲಿ ಇರಬೇಕು," ಎಂದರು ಗುರುಪಾದಸ್ವಾಮಿ.

"ಇಲಿ ಕಾಯಿ ಹೊತ್ಕೊಂಡು ಹೋಗ್ತದಾ ಸಾರ್?" ಎಂದ ರಾಜಣ್ಣ.

ಮೃತ್ಯುಂಜಯ ಆ ಗುಳಿಯನ್ನೇ ನೋಡುತ್ತ ನಿಂತ. ಸೀರೆ, ಅಕ್ಕಿ, ಕಾಯಿ. ತವರಿನಿಂದ ಹೊರಡುವ ಹೆಣ್ಣುಮಗಳ ಮಡಿಲಿಗೆ ಹಾಕುವ ಮೂರು ವಸ್ತು. ಬದುಕಿರುವ ಮಗಳಿಗೆ ಮಾತ್ರವಲ್ಲ. ಅವನ ತಾಯಿ ಸತ್ತ ದಿನ ಭೀಮನಬೀಡಿನಿಂದ ಸೋದರಮಾವ ಸೀರೆ ತರುವವರೆಗೆ ಹೆಣ ಎತ್ತಿರಲಿಲ್ಲ. ಮಧ್ಯಾಹ್ನ ಹೋಗಿ ಸಂಜೆಯಾದರೂ ಯಾರೂ ಗೊಣಗಲಿಲ್ಲ. ತವರಿನ ಸೀರೆ ಹೊದೆಯದೆ ಈ ಕಡೆಯ ಹೆಂಗಸು ಮಣ್ಣಿಗೆ ಹೋಗುವುದಿಲ್ಲ.

"ನಿಮಗೆ ಅಕ್ಕತಂಗಿಯರು ಇದಾರಾ?"

"ಇಲ್ಲ."

ಉತ್ತರ ಪ್ರಶ್ನೆಗಾಗಿ ಕಾದು ಕುಳಿತಿದ್ದಂತೆ ಬಂತು. ಗುರುಪಾದಸ್ವಾಮಿ ಕಿಟಕಿಯ ಕಡೆ ತಿರುಗಿಕೊಂಡರು.

ಜೀಪು ಹೊರಟ ಮೇಲೆ ರಾಜಣ್ಣ ಬಾಯಿಬಿಟ್ಟ. "ಒಬ್ಳು ಅಕ್ಕ ಇದ್ಲು ಸಾ. ನಾಗಲಕ್ಷ್ಮಿ ಅಂತ. ಬಂಡೀಪುರದ ಫಾರೆಸ್ಟ್ ವಾಚರ್ ಜೊತೆ ಓಗ್ಬುಟ್ಲು, ಮೂವತ್ತೈದು ವರ್ಷದ ಮ್ಯಾಗಾಯ್ತು. ಅವ್ನು ಬ್ಯಾರೆ ಜಾತಿ. ಆವತ್ತೇ ಈ ಮನೇಲಿ ಅವಳ ಹೆಸ್ರು ಎತ್ತೋದು ನಿಂತೋಯ್ತು. ಈಗ ಉಡಿಗಾಲದಲ್ಲಿ ಅವ್ರೆ."

"ಅಲ್ಲಿ ಯಾರಾದ್ರೂ ಗೊತ್ತಿದ್ರೆ ಫೋನ್ ಮಾಡು."

ರಾಜಣ್ಣ ಮಾತಾಡಿ ಫೋನ್ ಇಟ್ಟ. "ನೆನ್ನೆ ಬೆಳಗಿನ ಜಾವ ತೀರ್ಕೊಂಡ್ರಂತೆ ಸಾ. ಸಂಜೆ ಮಣ್ಣಾಯ್ತಂತೆ."

ಉಡಿಗಾಲ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಮೃತ್ಯುಂಜಯ ಜೀಪನ್ನು ಊರಾಚೆ ನಿಲ್ಲಿಸಿ, ಸಮವಸ್ತ್ರದ ಮೇಲೆ ಜರ್ಕಿನ್ ಹಾಕಿಕೊಂಡು ಒಬ್ಬನೇ ನಡೆದ. ಸಾವಿನ ಮನೆಯ ಜಗಲಿಯಲ್ಲಿ ಹೆಂಗಸರು ಕೂತಿದ್ದರು. ಒಳಗೆ ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು.

"ನಾಗಲಕ್ಷ್ಮಕ್ಕನ ತವರೋರ ಕಡೇರಾ ಸಾಮಿ?" ಒಬ್ಬ ಮುದುಕಿ ಕೇಳಿದಳು. ಉತ್ತರಕ್ಕೂ ಕಾಯಲಿಲ್ಲ. "ಎಂತಾ ಸೀರೆ ಕಳ್ಸಿದ್ರಪ್ಪ ನಿಮ್ಮೋರು! ಚೆಂಡೂವ ಅಂಗೇ ಕಿತ್ತು ಜೋಡ್ಸಿದಂಗಿತ್ತು. ಗತಿಗೆಟ್ಟೋಳು, ತವರಿಲ್ದೋಳು ಅಂತ ಈ ಕೇರಿಯೋರು ಏಸು ದಿನ ಆಡ್ಕೊಂಡ್ರು. ಕೊನೆಗೆ ಕೈ ಬುಡ್ಲಿಲ್ಲ ನೋಡಿ."

ಮೃತ್ಯುಂಜಯ ಹೂಂ ಎಂದ.

ಒಳಗೆ ಗೋಡೆಗೆ ಒರಗಿದ್ದ ಮುದುಕ ಅವನ ಕಂದು ಬಣ್ಣದ ಪೊಲೀಸ್ ಬೂಟು ನೋಡಿದ. ಎದ್ದು, ಟವಲ್ ಹೆಗಲಿಗೆ ಹಾಕಿಕೊಂಡು ತಾನೇ ಹೊರಗೆ ಬಂದ. ಪಕ್ಕ ಬಂದು ಮೆಲ್ಲಗೆ ಹೇಳಿದ: "ಇಲ್ಲಿ ಬ್ಯಾಡಿ ಸಾ. ರೋಡ್‌ತಾವ ಓಗನ."

ಅವನೇ ನಾಗಲಕ್ಷ್ಮಿಯ ಗಂಡ ಮಂಟೇಸ್ವಾಮಿ. ಜೀಪಿನಲ್ಲಿ ಕೂತ ಮೇಲೆ ಮೃತ್ಯುಂಜಯ ಕೇಳಿದ.

"ಸೀರೆ ಎಲ್ಲಿ?"

"ಅವಳ ಮೈಮ್ಯಾಲೆ ಅದೆ ಸಾ."

"ಕದ್ದಿದ್ದು ನೀವೇನಾ?"

"ನಾನೇಯ. ನೆನ್ನೆ ಬೆಳಗ್ಗೆ ಅವಳ ತಮ್ಮನೋರಿಗೆ ಫೋನ್ ಮಾಡ್ದೆ. ಅಂತ ಹೆಸ್ರಿನೋರು ನಮ್ಮನೇಲಿ ಯಾರೂ ಇಲ್ಲ ಅಂದ್ಬುಟ್ಟು ಇಟ್ರು. ಕೇರಿ ಹೆಂಗಸ್ರು ತವರು ಸೀರೆ ಬತ್ತದಾ, ಬತ್ತದಾ ಅಂತ ಕೇಳ್ತಾನೇ ಇದ್ರು. ಬತ್ತದೆ, ನಾನೇ ಓಗಿ ತತ್ತೀನಿ ಅಂದು ಬಸ್ ಹತ್ದೆ."

"ಅಂಗಡೀಲಿ ಕೊಳ್ಳಬಹುದಿತ್ತಲ್ಲ."

"ಕೊಳ್ಳಬೌದಿತ್ತು ಸಾ. ಅದು ನನ್ನ ಸೀರೆ ಆಗೋದು." ಮುದುಕ ರಸ್ತೆಯ ಕಡೆ ನೋಡಿದ. "ಎರಡು ವರ್ಷದ ಕೆಳಗೆ ಮ್ಯೂಸಿಯಂ ನೋಡ್ಬೇಕು ಅಂದ್ಲು. ಹುಟ್ಟಿದ ಮನೆಗೆ ಟಿಕೆಟ್ ತಕ್ಕೊಂಡು ಒಳಕ್ಕೋದ್ಲು. ಆ ಸೀರೆ ಮುಂದೆ ನಿಂತ್ಕಂಡು, ಈ ಅಂಚು ಅಪ್ಪ ನನ್ನ ಮದುವೆಗೆ ಅಂತ ಬರ್ದಿದ್ದು ಅಂದ್ಲು. ಒಂದ್ಸಲ ಮುಟ್ಟಕ್ಕೆ ಕೈ ಚಾಚಿದ್ಲು. ಟಿಕೆಟ್ ಕೊಡೋ ಹುಡುಗಿ, ಅಮ್ಮಾ ಮುಟ್ಬೇಡಿ ಅಂದ್ಲು. ಕೈ ಹಿಂದಕ್ಕೆ ತಕ್ಕೊಂಡ್ಲು. ಬಸ್ಸಲ್ಲಿ ಮಾತೇ ಆಡ್ಲಿಲ್ಲ."

ರಾಜಣ್ಣ ಜೀಪಿನಿಂದ ಇಳಿದು ಆಚೆ ಹೋಗಿ ನಿಂತ.

"ಕೋರ್ಟಿಗಾದ್ರೂ ಬತ್ತೀನಿ, ಜೈಲಿಗಾದ್ರೂ ಬತ್ತೀನಿ," ಎಂದ ಮಂಟೇಸ್ವಾಮಿ. "ಕದ್ದ ಸೀರೆ ಅಂತ ಈ ಊರಲ್ಲಿ ಏಳಬ್ಯಾಡಿ. ಅಷ್ಟೇ ಸಾ."

ಸಂಜೆ ಗುರುಪಾದಸ್ವಾಮಿಯನ್ನು ಠಾಣೆಗೆ ಕರೆಸಿದರು. ಅವರು ಒಳಗೆ ಬಂದ ಕೂಡಲೇ ಮಂಟೇಸ್ವಾಮಿ ಬೆಂಚಿನಿಂದ ಎದ್ದು ಹೆಗಲ ಟವಲ್ ಕೈಗೆ ತೆಗೆದುಕೊಂಡ. "ಬುದ್ಧಿ," ಎಂದ.

ಮೃತ್ಯುಂಜಯ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. "ಮಾಲು ಜಪ್ತಿ ಆಗಬೇಕಾದರೆ ಸಮಾಧಿ ಅಗೆಯಬೇಕು. ಮೇಲಧಿಕಾರಿಗಳ ಅಪ್ಪಣೆಗೆ ಬರೆಯಬೇಕು. ನಿಮಗೆ ಸೀರೆ ಬೇಕಾ?"

ಗುರುಪಾದಸ್ವಾಮಿ ಮುದುಕನ ಕೈಯಲ್ಲಿದ್ದ ಟವಲನ್ನು ನೋಡಿದರು. ಆಮೇಲೆ ಹೇಳಿದರು: "ನಾನೇ ಕೊಟ್ಟೆ ಅಂತ ಬರ್ಕೊಳ್ಳಿ."

"ಕಳುವಾಗಿದೆ ಅಂತ ಬೆಳಿಗ್ಗೆ ಸಹಿ ಹಾಕಿದ್ದೀರಿ. ಅದು ಕೋರ್ಟಿಗೆ ಹೋಗಿ ಆಯ್ತು. ಇನ್ನು ಏನಿದ್ದರೂ ಅಲ್ಲಿ ಹೇಳಿ."

ರಾಜಣ್ಣ ಬಂಧನದ ಕಾಗದ ತುಂಬುತ್ತಿದ್ದ. "ಅಜ್ಜ, ಅರೆಸ್ಟ್ ಆಗಿರೋದು ನಿಮ್ಮೋರು ಯಾರಿಗಾದ್ರೂ ತಿಳಿಸ್ಬೇಕು. ಯಾರಿಗೆ?"

"ಮಕ್ಕಳಿಲ್ಲ ಸಾ. ಇದ್ದೋಳು ಅವಳೊಬ್ಳೇ. ಯಾರೂ ಇಲ್ಲ ಅಂತ ಬರ್ಕಳಿ."

"ನನ್ನ ಹೆಸರು ಬರೀರಿ," ಎಂದರು ಗುರುಪಾದಸ್ವಾಮಿ.

ರಾಜಣ್ಣ ಬರೆದ. ಮುಂದಿನದನ್ನು ಅಭ್ಯಾಸದಂತೆ ಕೇಳಿದ. "ಸಂಬಂಧ?"

ಗುರುಪಾದಸ್ವಾಮಿಯ ತುಟಿ ಅಲುಗಿತು.

"ಕೇಳಿಸ್ಲಿಲ್ಲ ಸಾರ್."

"ಬಾಮೈದ."

ಮಂಟೇಸ್ವಾಮಿ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಟವಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ನಾಳೆ ಮೂರು ದಿನ, ಬುದ್ಧಿ," ಎಂದ. "ಅವಳ ಸಮಾಧಿಗೆ ಆಲುತುಪ್ಪ ಬುಡಬೇಕು. ನಾನು ಇರಕ್ಕಿಲ್ಲ."

"ಎಲ್ಲಿ ಮಣ್ಣು ಮಾಡಿದ್ದೀರಿ?"

ಮುದುಕ ದಾರಿ ಹೇಳಿದ. ಗುರುಪಾದಸ್ವಾಮಿ ಎರಡು ಸಲ ಕೇಳಿ ತಿಳಿದುಕೊಂಡು, ಯಾರಿಗೂ ಹೇಳದೆ ಎದ್ದು ಹೋದರು.

ಆರೋಪಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಕಾಗದಗಳನ್ನು ಮೃತ್ಯುಂಜಯ ತಾನೇ ಸಿದ್ಧಪಡಿಸಿದ. ಕೃತ್ಯದ ಉದ್ದೇಶ ಎಂಬಲ್ಲಿ ಬರೆದ: ಹೆಂಡತಿಗೆ ತವರಿನ ಸೀರೆ ಹೊದಿಸಲು. ಜಪ್ತಿಯಾದ ಮಾಲು ಎಂಬಲ್ಲಿ ಇಲ್ಲ ಎಂದು ಬರೆದು ಸಹಿ ಹಾಕಿದ.